‘ಫ್ಲೈವೀಲ್ ಹೋಗಿದೆ’ ಅನ್ನುವ ಮೊದಲು: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ಫ್ಲೈವೀಲಿನ ಬೋಲ್ಟ್ ಬಿಚ್ಚುವುದು ಅರ್ಧ ತಾಸಿನ ಕೆಲಸ. ಅದರ ಹತ್ತಿರ ಹೋಗುವುದೇ ಒಂದು ದಿನದ ಕೆಲಸ. ಗೇರ್ ಆಯಿಲ್ ಇಳಿಸಿ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಎಳೆದು, ಎಂಜಿನ್ನನ್ನು ಮೇಲಿಂದ ತೂಗುಹಾಕಿ, ಗೇರ್‌ಬಾಕ್ಸ್ ಕೆಳಗಿಳಿಸಿದ ಮೇಲೇ ಅದು ಕಣ್ಣಿಗೆ ಬೀಳುತ್ತದೆ. ಖರ್ಚಿನ ದೊಡ್ಡ ಪಾಲು ಕೂಲಿಯದ್ದು. ಹಾಗಾಗಿ ಗೇರ್‌ಬಾಕ್ಸ್ ಇಳಿಸುವ ಮೊದಲು ಹೊರಗಿನಿಂದ ನೋಡಬಹುದಾದದ್ದನ್ನೆಲ್ಲ ನೋಡಿ ಮುಗಿಸಬೇಕು. ಒಮ್ಮೆ ಇಳಿಸಿದ ಮೇಲೆ ಒಳಗಿರುವ, ಎಣ್ಣೆ ಸೋರದಂತೆ ತಡೆಯುವ ಒಂದು ಸೀಲನ್ನೂ ನೋಡದೆ ಬಿಡಬಾರದು. ಗ್ಯಾರೇಜುಗಳಲ್ಲಿ ಇದರ ತಲೆಕೆಳಗೇ ಹೆಚ್ಚು ನಡೆಯುತ್ತದೆ: ಬ್ಯಾಟರಿ ಟರ್ಮಿನಲ್ ಸಡಿಲವಿದ್ದ ಗಾಡಿಯ ಗೇರ್‌ಬಾಕ್ಸ್ ಇಳಿಯುತ್ತದೆ, ಇಳಿದ ಗೇರ್‌ಬಾಕ್ಸು ಹಳೇ ಸೀಲ್ ಇಟ್ಟುಕೊಂಡೇ ಮೇಲೇರುತ್ತದೆ.

ಫ್ಲೈವೀಲ್ ಎಂದರೆ ಎಂಜಿನ್ನಿನ ತಿರುಗುವ ದಂಡದ, ಅಂದರೆ ಕ್ರ್ಯಾಂಕ್ ಶಾಫ್ಟಿನ, ಹಿಂತುದಿಗೆ ಬೋಲ್ಟ್ ಆಗಿರುವ ಭಾರದ ಚಕ್ರ. ಎಂಜಿನ್ನಿನ ಒದೆತಗಳನ್ನು ನುಂಗಿ ತಿರುಗುವಿಕೆಯನ್ನು ಸಮ ಮಾಡುವುದು, ಅಂಚಿನ ರಿಂಗ್ ಗೇರ್ ಮೂಲಕ ಸೆಲ್ಫ್ ಮೋಟರಿಗೆ ಹಲ್ಲು ಒದಗಿಸುವುದು, ಕ್ಲಚ್ ಪ್ಲೇಟ್ ಉಜ್ಜುವುದಕ್ಕೆ ಮುಖ ಕೊಡುವುದು ಅದರ ಕೆಲಸ. ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಹಲ್ಲುಗಳೂ ಇದರಲ್ಲೇ ಇರುತ್ತವೆ. ಮಾರುತಿ 800, ಓಮ್ನಿ, ಆಲ್ಟೊದಂಥ ಚಿಕ್ಕ ಪೆಟ್ರೋಲ್ ಗಾಡಿಗಳಲ್ಲಿ ಇದು ಒಂದೇ ತುಂಡಿನ ಎರಕದ ಚಕ್ರ. ಸ್ಕೋಡಾ, ಫೋಕ್ಸ್‌ವ್ಯಾಗನ್ ಡೀಸೆಲ್, ಎಕ್ಸ್‌ಯುವಿ 500ರಂಥವುಗಳಲ್ಲಿ ಒಳಗೆ ಸ್ಪ್ರಿಂಗ್, ಗ್ರೀಸ್ ಇರುವ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್. ನಿಮ್ಮ ಗಾಡಿಯದು ಯಾವುದೆಂದು ಮೊದಲೇ ತಿಳಿದುಕೊಳ್ಳಿ. ಎರಡರ ರೋಗವೂ ಬೇರೆ, ಮದ್ದೂ ಬೇರೆ.

ಮೊದಲು ಮೂರು ಪ್ರಶ್ನೆ

ಸದ್ದಿರಲಿ, ನಡುಕವಿರಲಿ, ಅದು ಯಾವುದರ ಜೊತೆ ಬದಲಾಗುತ್ತದೆ ಎಂದು ನೋಡಿ. ಗಾಡಿ ನಿಂತಿರುವಾಗ ಆಕ್ಸಿಲರೇಟರ್ ಒತ್ತಿದರೆ ಹೆಚ್ಚುತ್ತದೆಯೇ? ಆಗ ತೊಂದರೆ ಎಂಜಿನ್, ಫ್ಲೈವೀಲ್, ಇಲ್ಲವೇ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಕಡೆ ಇದೆ. ಓಡುವ ವೇಗದ ಜೊತೆ ಮಾತ್ರ ಬದಲಾಗುತ್ತದೆಯೇ? ಹಾಗಿದ್ದರೆ ಚಕ್ರ, ಟಯರ್, ಡ್ರೈವ್ ಶಾಫ್ಟ್ ನೋಡಿ, ಫ್ಲೈವೀಲ್ ಮರೆತುಬಿಡಿ. ಕ್ಲಚ್ ಪೆಡಲ್ ಒತ್ತಿದಾಗ ಅಥವಾ ಬಿಟ್ಟಾಗ ಬದಲಾಗುತ್ತದೆಯೇ? ಹಾಗಾದರೆ ತೊಂದರೆ ಫ್ಲೈವೀಲಿನಿಂದ ಗೇರ್‌ಬಾಕ್ಸಿನ ಮೊದಲ ಬೇರಿಂಗಿನವರೆಗಿನ ಆ ಒಂದು ಗೇಣು ಜಾಗದಲ್ಲೇ ಇರುವ ಸಾಧ್ಯತೆ ಹೆಚ್ಚು. ಈ ಮೂರಕ್ಕೆ ಉತ್ತರ ಸಿಕ್ಕದೆ ಸ್ಪಾನರ್ ಹಿಡಿಯಬೇಡಿ.

ಸೆಲ್ಫ್ ಹೊಡೆದರೆ ಕರ್ರ್ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ

ಬ್ಯಾಟರಿಯಿಂದ ಶುರುಮಾಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ತುಂಬಿದ್ದರೆ ಮೀಟರ್ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯೇ ಸೋತಿದೆ. ಕಾರವಾರ, ಅಂಕೋಲೆ, ಭಟ್ಕಳದ ಕಡಲಬದಿಯ ಗಾಡಿಗಳಲ್ಲಿ ಬ್ಯಾಟರಿ ಚೆನ್ನಾಗಿದ್ದೂ ಕರೆಂಟ್ ಎಂಜಿನ್ನಿಗೆ ಮುಟ್ಟದಿರುವುದು ಸಾಮಾನ್ಯ. ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಹೊರೆ ಕಟ್ಟುತ್ತದೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿಯ ಎಳೆಗಳು ಲಗ್ಗಿನ ಬಳಿ ಒಳಗೊಳಗೇ ಕೊಳೆಯುತ್ತವೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬೆತ್ತಲೆ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದೋಷ. ಬಿಸಿನೀರು, ಅಡುಗೆ ಸೋಡಾ, ತಂತಿ ಬ್ರಷ್, ಬೇಕಾದರೆ ಹೊಸ ಪಟ್ಟಿ, ಇಷ್ಟರಲ್ಲಿ ಬಗೆಹರಿಯುತ್ತದೆ.

ಇನ್ನು ಸದ್ದನ್ನು ಕೇಳಿ. ‘ಟಕ್’ ಎಂದು ಒಂದೇ ಸಲ ಬಡಿದು ಸುಮ್ಮನಾದರೆ ಸೆಲ್ಫಿನ ಮೇಲಿನ ಸ್ವಿಚ್ಚಿನ (ಸೊಲೆನಾಯ್ಡ್) ದೋಷ, ಅಥವಾ ಕರೆಂಟ್ ಸಾಲದು. ‘ಟಕಟಕಟಕ’ ಎಂದರೆ ಬ್ಯಾಟರಿ. ಮೋಟರ್ ಸುಂಯ್ ಎಂದು ಖಾಲಿ ತಿರುಗಿದರೆ, ಅದೂ ಪ್ರತಿ ಸಲವೂ ಹಾಗೇ ಆದರೆ, ಸೆಲ್ಫಿನ ತುದಿಯ ಪುಟ್ಟ ಹಲ್ಲುಚಕ್ರ (ಪಿನಿಯನ್) ಅಥವಾ ಅದರ ಒಮ್ಮುಖ ಕ್ಲಚ್ ಹೋಗಿದೆ. ಲೋಹ ಲೋಹಕ್ಕೆ ಉಜ್ಜಿದ ಕರ್ಕಶ ಸದ್ದು ಬಂದು, ಅದೂ ಕೆಲವು ಸಲ ಮಾತ್ರ ಬಂದರೆ, ರಿಂಗ್ ಗೇರಿನ ಹಲ್ಲು ಸವೆದಿರುವ ಶಂಕೆ.

‘ಕೆಲವು ಸಲ ಮಾತ್ರ’ ಎನ್ನುವುದಕ್ಕೆ ಕಾರಣವಿದೆ. ಎಂಜಿನ್ ಆಫ್ ಆದಾಗ ಯಾವುದೋ ಒಂದು ಸಿಲಿಂಡರಿನ ಕಂಪ್ರೆಷನ್ ಅದನ್ನು ತಡೆದು ನಿಲ್ಲಿಸುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಹೆಚ್ಚುಕಡಿಮೆ ಎದುರುಬದುರಿನ ಎರಡೇ ಜಾಗಗಳಲ್ಲಿ, ಮೂರು ಸಿಲಿಂಡರಿನದು ಮೂರು ಜಾಗಗಳಲ್ಲಿ ನಿಲ್ಲುತ್ತದೆ. ಸೆಲ್ಫ್ ಬಂದು ಬಡಿಯುವುದು ವರ್ಷಗಟ್ಟಲೆ ಅದೇ ಹಲ್ಲುಗಳಿಗೆ. ಸವೆತವೂ ಅಲ್ಲೇ, ಉಳಿದ ಹಲ್ಲುಗಳು ಹೊಸದರಂತೆಯೇ ಇರುತ್ತವೆ.

ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಸದ್ದು ಬಂದು ಸ್ಟಾರ್ಟ್ ಆಗದಿದ್ದಾಗ ಕೀಲಿ ತೆಗೆದು, ಸಮತಟ್ಟು ಜಾಗದಲ್ಲಿ ಟಾಪ್ ಗೇರ್ ಹಾಕಿ ಗಾಡಿಯನ್ನು ಅರ್ಧ ಗೇಣು ತಳ್ಳಿ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಸರಾಗ ಸ್ಟಾರ್ಟ್ ಆದರೆ ರಿಂಗ್ ಗೇರಿನದ್ದೇ ದೋಷ ಎನ್ನಬಹುದು. ನ್ಯೂಟ್ರಲ್ ಮಾಡಲು ಮರೆತು ಸೆಲ್ಫ್ ಹೊಡೆದರೆ ಮುಂದಿರುವವರ ಕಾಲು ಮುರಿಯುತ್ತದೆ.

ಖಚಿತಪಡಿಸಿಕೊಳ್ಳುವುದಕ್ಕೂ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ ಸೆಲ್ಫ್ ಮೋಟರ್ ಬಿಚ್ಚಿದರೆ ಆ ತೂತಿನಲ್ಲೇ ರಿಂಗ್ ಗೇರ್ ಕಾಣುತ್ತದೆ. ಪ್ಲಗ್ ಬಿಚ್ಚಿ, ಮುಂದಿನ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ನನ್ನು ಅದು ತಿರುಗುವ ದಿಕ್ಕಿನಲ್ಲೇ ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸುತ್ತ ಟಾರ್ಚ್ ಬಿಟ್ಟು ನೋಡಿ. ಮೊದಲ ಹಲ್ಲಿಗೆ ಚಾಕ್ ಗುರುತು ಹಾಕಿಕೊಂಡರೆ ಸುತ್ತು ತಪ್ಪುವುದಿಲ್ಲ. ಪಿನಿಯನ್ ಒಳನುಗ್ಗುವ ಬದಿಯಲ್ಲಿ ಅಂಚು ಸ್ವಲ್ಪ ಮೊಂಡಾಗಿರುವುದು ಸಹಜ. ಹಲ್ಲಿನ ಉದ್ದದ ಅರ್ಧ ತಿಂದುಹೋಗಿದ್ದರೆ, ಅಥವಾ ಹಲ್ಲು ಮುರಿದಿದ್ದರೆ ರಿಂಗ್ ಬದಲಾಗಬೇಕು. ಆಗ ಪಿನಿಯನ್ನನ್ನೂ ಬದಲಿಸಿ. ಹಳೇ ಪಿನಿಯನ್ ಹೊಸ ರಿಂಗನ್ನು ಬೇಗ ತಿನ್ನುತ್ತದೆ.

ಮಳೆಗಾಲದಲ್ಲಿ ನಿಂತ ಗಾಡಿ: ಎಂಜಿನ್ ಚಾಲೂ, ಗೇರ್ ಬೀಳುವುದಿಲ್ಲ

ಜೂನಿನಲ್ಲಿ ಕೊಟ್ಟಿಗೆ ಸೇರಿದ ಗಾಡಿಯನ್ನು ಚೌತಿಗೆ ತೆಗೆದರೆ ಈ ತೊಂದರೆ. ಫ್ಲೈವೀಲಿನ ಎರಕದ ಕಬ್ಬಿಣದ ಮುಖ ಜಂಗು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೆ ಅಂಟಿಕೊಂಡಿರುತ್ತದೆ. ಪೆಡಲ್ ಒತ್ತಿದರೂ ಪ್ಲೇಟ್ ಬಿಡುವುದಿಲ್ಲ. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಆನ್ ಆದಾಗ ಮಾತ್ರ ಕರಕರ ಎಂದರೆ ಇದೇ.

ಮೊದಲು ಕೇಬಲ್ ಇದ್ದರೆ ಅದರ ಬಿಗಿ, ಹೈಡ್ರಾಲಿಕ್ ಇದ್ದರೆ ದ್ರವದ ಮಟ್ಟ ನೋಡಿ. ಅವು ಸರಿಯಿದ್ದರೆ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಕಾಲು ತಾಸು ಬಿಸಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಎದುರಿಗೆ ಜನ, ದನ, ಕಟ್ಟೆ ಯಾವುದೂ ಇಲ್ಲದ ಬಯಲಿಗೆ ತಳ್ಳಿಕೊಂಡು ಹೋಗಿ. ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಗಾಡಿ ಮುಂದೆ ಹಾರುತ್ತದೆ, ಬ್ರೇಕ್ ಮೇಲೆ ಕಾಲು ಸಿದ್ಧವಿರಲಿ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರ್ ಒತ್ತಿ-ಬಿಟ್ಟು ಮಾಡಿದಾಗ ‘ಟಪ್’ ಎಂದು ಬಿಡಬಹುದು. ಎರಡು ಮೂರು ಯತ್ನಕ್ಕೆ ಬಿಡದಿದ್ದರೆ ನಿಲ್ಲಿಸಿ. ಇನ್ನೂ ಒದ್ದಾಡಿದರೆ ಪ್ಲೇಟಿನ ಲೈನಿಂಗೇ ಕಿತ್ತು ಬರುತ್ತದೆ. ಬಿಟ್ಟ ಮೇಲೆ ಕೆಲವು ದಿನ ಹೊರಡುವಾಗ ಸಣ್ಣಗೆ ನಡುಗುವುದು ಜಂಗು ಉಜ್ಜಿ ಹೋಗುವವರೆಗೆ ಮಾತ್ರ. ವಾರ ಹತ್ತು ದಿನಕ್ಕೊಮ್ಮೆ ಅಂಗಳದಲ್ಲಾದರೂ ಮುಂದೆ-ಹಿಂದೆ ಮಾಡಿದ ಗಾಡಿಗೆ ಈ ಗತಿ ಬರುವುದಿಲ್ಲ.

ನೆರೆನೀರಿನಲ್ಲಿ ನಿಂತ ಗಾಡಿಯ ಕಥೆ ಬೇರೆ. ಫ್ಲೈವೀಲ್, ಕ್ಲಚ್ ಎರಡನ್ನೂ ಮುಚ್ಚಿರುವ ಗಂಟೆಯಾಕಾರದ ಕವಚದ (ಬೆಲ್ ಹೌಸಿಂಗ್) ತಳದಲ್ಲಿ ನೀರು ಇಳಿದುಹೋಗಲು ಒಂದು ತೂತು ಇರುತ್ತದೆ. ಚಿರೇಕಲ್ಲಿನ ಕೆಂಪು ರಾಡಿ ಅದನ್ನು ಮುಚ್ಚಿಬಿಟ್ಟರೆ ಒಳಗೆ ಕೆಸರು ನಿಲ್ಲುತ್ತದೆ. ತಂತಿ ತೂರಿಸಿ ನೋಡಿ. ಕೆಸರು ಸುರಿದರೆ ಅಂಥ ಗಾಡಿಯನ್ನು ಬಿಚ್ಚಿ ತೊಳೆಯುವುದೇ ಸರಿ. ರಾಡಿಯ ಮರಳು ಫ್ಲೈವೀಲಿನ ಮುಖದ ಮೇಲೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಹೊರಡುವಾಗ ಗಡಗಡ ನಡುಕ

ಫಸ್ಟ್ ಗೇರ್ ಅಥವಾ ರಿವರ್ಸ್‌ನಲ್ಲಿ ಕ್ಲಚ್ ಬಿಡುವಾಗ ಇಡೀ ಗಾಡಿ ಅಲುಗಿ, ಪೂರ್ತಿ ಬಿಟ್ಟ ಮೇಲೆ ಸರಿಯಾದರೆ ಅದು ಕ್ಲಚ್ ಜಡ್ಡರ್. ಮೊದಲು ಎಂಜಿನ್ ಕೂತಿರುವ ರಬ್ಬರಿನ ಆಧಾರಗಳನ್ನು (ಮೌಂಟಿಂಗ್) ನೋಡಿ. ಬಾನೆಟ್ ಎತ್ತಿ, ಒಬ್ಬರು ಬ್ರೇಕ್ ಹಿಡಿದು ಕ್ಲಚ್ ಅನ್ನು ಕಚ್ಚುವಷ್ಟೇ ಬಿಡುವಾಗ ಎಂಜಿನ್ ಎಷ್ಟು ಹೊರಳುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಬೇಕು, ಎಂದೂ ಎದುರಿಗಲ್ಲ. ಎಂಜಿನ್ ಹಾರಿ ಬಿದ್ದಂತಾದರೆ ರಬ್ಬರ್ ಹರಿದಿದೆ. ಮೌಂಟಿಂಗ್ ಅರ್ಧ ದಿನದ ಕೆಲಸ. ‘ಫ್ಲೈವೀಲ್ ಹೋಗಿದೆ’ ಎಂದು ಬರುವ ನಡುಕಗಳಲ್ಲಿ ಅನೇಕ ಇಲ್ಲೇ ಮುಗಿಯುತ್ತವೆ.

ಮೌಂಟಿಂಗ್ ಗಟ್ಟಿಯಿದ್ದರೆ ಬೆಲ್ ಹೌಸಿಂಗಿನ ತಳಕ್ಕೆ ಬೆರಳಾಡಿಸಿ. ಎಣ್ಣೆ ಇದೆಯೇ? ಕಪ್ಪಾಗಿ, ಡಿಪ್‌ಸ್ಟಿಕ್ ಎಣ್ಣೆಯಂತೆಯೇ ಇದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್. ತಿಳಿಯಾಗಿ, ಮೂಗಿಗೆ ಹೊಡೆಯುವ ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್, ಅಂದರೆ ಕ್ಲಚ್ಚಿನಿಂದ ಗೇರ್‌ಬಾಕ್ಸಿನೊಳಗೆ ಹೋಗುವ ದಂಡದ (ಇನ್‌ಪುಟ್ ಶಾಫ್ಟ್) ಸೀಲ್. ನೀರಿನಂತೆ ತೆಳುವಾಗಿದ್ದು ಕ್ಲಚ್ ದ್ರವದ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ, ಒಳಗಿನ ಸ್ಲೇವ್ ಸಿಲಿಂಡರ್. ಎಣ್ಣೆ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬಿಸಿಯಾದಾಗ ಲೈನಿಂಗಿನೊಳಗಿನ ಎಣ್ಣೆ ಮತ್ತೆ ಬೆವರುತ್ತದೆ. ಪ್ಲೇಟ್ ಬದಲಿಸಲೇಬೇಕು.

ಎಣ್ಣೆಯೂ ಇಲ್ಲ, ಗಾಡಿ ಬಿಸಿಯಾದಷ್ಟೂ ನಡುಕ ಹೆಚ್ಚು ಎಂದರೆ ಫ್ಲೈವೀಲಿನ ಮುಖದಲ್ಲಿ ಸುಟ್ಟ ಕಲೆಗಳಿವೆ ಎಂದು ಲೆಕ್ಕ. ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ಬ್ರೇಕ್ ಹಿಡಿಯುವ ಬದಲು ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಚಟ ಇದಕ್ಕೆ ಮೂಲ. ಅಡಿಕೆ ಚೀಲ ಹೇರಿಕೊಂಡಿದ್ದರಂತೂ ಕೆಲವು ನಿಮಿಷ ಸಾಕು.

ಘಟ್ಟದಲ್ಲಿ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ

ಇದು ಕ್ಲಚ್ ಸ್ಲಿಪ್. ಪೆಡಲಿಗೆ ಫ್ರೀ ಪ್ಲೇ, ಅಂದರೆ ಒತ್ತಲು ಶುರುಮಾಡಿದಾಗಿನ ಸಡಿಲ, ಇದೆಯೇ ನೋಡಿ. ಕೇಬಲ್ ಗಾಡಿಗಳಲ್ಲಿ ಬಿಗಿ ಹೆಚ್ಚಾಗಿ ಕ್ಲಚ್ ಸದಾ ಅರ್ಧ ಒತ್ತಿದಂತೆಯೇ ಇದ್ದುಬಿಡುತ್ತದೆ. ಅದು ಸರಿಯಿದ್ದರೆ ಪರೀಕ್ಷೆ: ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಮತ್ತು ಕಾಲ್ಬ್ರೇಕ್ ಎರಡೂ ಹಿಡಿದು, ಮೂರನೇ ಗೇರ್ ಹಾಕಿ, ಆರ್‌ಪಿಎಂ 1500ಕ್ಕೆ ತಂದು ಕ್ಲಚ್ ಬಿಡಿ. ಎಂಜಿನ್ ತಕ್ಷಣ ಸಾಯಬೇಕು. ಸಾಯದೆ ಗೊಣಗುತ್ತ ತಿರುಗಿದರೆ ಸ್ಲಿಪ್ ಖಚಿತ. ಒಂದೇ ಸಲ ಮಾಡಿ. ಮತ್ತೆ ಮತ್ತೆ ಮಾಡಿದರೆ ಚೆನ್ನಾಗಿರುವ ಫ್ಲೈವೀಲನ್ನೂ ನೀವೇ ಸುಡುತ್ತೀರಿ.

ಸುಟ್ಟ ವಾಸನೆ ಬಂದ ಮೇಲೂ ಘಟ್ಟ ಏರಿಸುವ ಹಟ ಬೇಡ. ಬದಿಗೆ ನಿಲ್ಲಿಸಿ, ಅರ್ಧ ತಾಸು ಆರಲು ಬಿಟ್ಟು ಇಳಿಜಾರಿನತ್ತ ಹಿಂತಿರುಗಿ, ಇಲ್ಲವೇ ಟೋ ಮಾಡಿಸಿ. ಕ್ಲಚ್ ಪ್ಲೇಟಿನ ರಿವೆಟ್ ಬಯಲಾಗಿ ಫ್ಲೈವೀಲಿನ ಮುಖದಲ್ಲಿ ಸುತ್ತಲೂ ತೋಡು ಕೊರೆದುಬಿಟ್ಟರೆ ಪ್ಲೇಟಿನ ಖರ್ಚಿಗೆ ಫ್ಲೈವೀಲಿನದ್ದೂ ಸೇರುತ್ತದೆ.

ನಿಂತಿರುವಾಗ ಸದ್ದು

ಎಂಜಿನ್ ಚಾಲೂ, ಗೇರ್ ನ್ಯೂಟ್ರಲ್. ಪೆಡಲ್ ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಪೆಡಲ್ ಬಿಟ್ಟಾಗ ಗುಂಯ್ ಎನ್ನುತ್ತಿದ್ದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್. ಐಡಲ್‌ನಲ್ಲಿ ಕಟಕಟ ಎಂದು, ಆರ್‌ಪಿಎಂ ಸ್ವಲ್ಪ ಏರಿಸಿದರೆ ಮಾಯವಾಗಿ, ಆಫ್ ಮಾಡುವಾಗ ‘ಧಡ್’ ಎಂದು ಬಡಿದರೆ ಡ್ಯುಯಲ್ ಮಾಸ್ ಫ್ಲೈವೀಲಿನ ಒಳ ಸ್ಪ್ರಿಂಗುಗಳು ಸೋತಿವೆ. ಆದರೆ ಒಂದು ಇಂಜೆಕ್ಟರ್ ಸರಿಯಾಗಿ ಕೆಲಸ ಮಾಡದೆ ಐಡಲ್ ಏರುಪೇರಾದರೂ ಚೆನ್ನಾಗಿರುವ ಡ್ಯುಯಲ್ ಮಾಸ್ ಹಾಗೇ ಕಟಕಟಿಸುತ್ತದೆ. ಇಂಜೆಕ್ಟರ್, ಮಿಸ್‌ಫೈರ್ ನೋಡಿದ ಮೇಲೇ ದುಬಾರಿ ಫ್ಲೈವೀಲಿಗೆ ಕೈಹಾಕಿ.

ಇನ್ನೊಂದು ಸದ್ದು ಅಪಾಯದ್ದು. ಐಡಲ್‌ನಲ್ಲಿ ಲಯವಿಲ್ಲದೆ ಭಾರವಾಗಿ ‘ಡಗ್... ಡಗ್ ಡಗ್’ ಎಂದು ಬಡಿಯುತ್ತದೆ, ಕ್ಲಚ್ ಒತ್ತಿದಾಗ ದನಿ ಬದಲಾಗುತ್ತದೆ. ಇದು ಫ್ಲೈವೀಲಿನ ಬೋಲ್ಟ್ ಸಡಿಲಾದ ಸದ್ದಿರಬಹುದು. ಎಂಜಿನ್ನಿನೊಳಗಿನ ಬಿಗ್ ಎಂಡ್ ಬೇರಿಂಗ್ ಹೋದ ಸದ್ದನ್ನೇ ಹೋಲುವುದರಿಂದ ಎಂಜಿನ್ ಬಿಚ್ಚಿ ಏನೂ ಸಿಗದೆ ಕೂತ ಉದಾಹರಣೆಗಳುಂಟು. ಕ್ಲಚ್ ಒತ್ತಿದಾಗ ಬದಲಾಗುವುದೇ ಸುಳಿವು. ಇನ್‌ಸ್ಪೆಕ್ಷನ್ ಮುಚ್ಚಳ ಇರುವ ಗಾಡಿಯಾದರೆ ಎಂಜಿನ್ ಆಫ್ ಮಾಡಿ, ಅದನ್ನು ತೆಗೆದು, ಫ್ಲೈವೀಲ್ ಅಲುಗುತ್ತದೆಯೇ, ಕಾಫಿ ಪುಡಿಯ ಬಣ್ಣದ ಧೂಳು ಇದೆಯೇ ನೋಡಿ. ಶಂಕೆ ಬಂದ ಕ್ಷಣದಿಂದ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬೋಲ್ಟ್ ತುಂಡಾಗಿ ಫ್ಲೈವೀಲ್ ಕಳಚಿದರೆ ಬೆಲ್ ಹೌಸಿಂಗ್ ಒಡೆದು ಹೊರಗೆ ಬರಬಹುದು.

ನ್ಯೂಟ್ರಲ್‌ನಲ್ಲಿ ಯಾವುದೋ ಒಂದು ಆರ್‌ಪಿಎಂಗೆ ಬಂದಾಗ ಮಾತ್ರ ನಡುಕ ಎಂದರೆ ಪ್ಲಗ್, ಕಾಯಿಲ್, ಮೌಂಟಿಂಗ್ ಮೊದಲು. ಈಚೆಗೆ ಕ್ಲಚ್ ಕೆಲಸ ಆಗಿದ್ದು ಅಂದಿನಿಂದಲೇ ಶುರುವಾಗಿದ್ದರೆ ಪ್ರೆಶರ್ ಪ್ಲೇಟ್ ಅಥವಾ ಫ್ಲೈವೀಲ್ ಸರಿಯಾಗಿ ಕೂತಿಲ್ಲ.

ಇಳಿಸಲೇಬೇಕಾದಾಗ

ಟಾರ್ಕ್ ರೆಂಚ್, ಗೇರ್‌ಬಾಕ್ಸ್ ಜಾಕ್, ಎಂಜಿನ್ ತೂಗುಹಾಕುವ ಅಡ್ಡಪಟ್ಟಿ ಈ ಮೂರೂ ಇಲ್ಲದಿದ್ದರೆ ಮನೆಯಲ್ಲಿ ಶುರುಮಾಡಬೇಡಿ. ಚಿಕ್ಕ ಕಾರಿನ ಗೇರ್‌ಬಾಕ್ಸ್ ಕೂಡ ಮೂವತ್ತು ಕಿಲೋ ಆಸುಪಾಸು. ಎದೆಯ ಮೇಲೆ ಇಳಿಸಿಕೊಳ್ಳುವ ವಸ್ತುವಲ್ಲ. ಆಟೋಮ್ಯಾಟಿಕ್ ಗಾಡಿಯಾದರೆ ಇದನ್ನು ಓದಿ ಕೈಹಾಕಬೇಡಿ, ಅಂಥ ಹಲವು ಗಾಡಿಗಳಲ್ಲಿ ಇರುವುದು ಫ್ಲೆಕ್ಸ್ ಪ್ಲೇಟ್ ಎಂಬ ತೆಳು ಚಕ್ರ, ಕ್ರಮವೇ ಬೇರೆ.

ಗಾಡಿಯನ್ನು ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮಣ್ಣಂಗಳದಲ್ಲಿ, ಅದರಲ್ಲೂ ಮಳೆ ಕುಡಿದ ಅಂಗಳದಲ್ಲಿ, ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಹೂತುಹೋಗುತ್ತದೆ. ಸಿಮೆಂಟ್ ನೆಲವೇ ಆಗಬೇಕು. ಬ್ಯಾಟರಿಯ ನೆಗೆಟಿವ್ ಕಳಚಿ. ಗೇರ್ ಆಯಿಲ್ ಚಿಕ್ಕ ಗಾಡಿಗಳಲ್ಲಿ ಎರಡರಿಂದ ಎರಡೂವರೆ ಲೀಟರ್ ಬರುತ್ತದೆ, ಅಷ್ಟು ಹಿಡಿಯುವ ಪಾತ್ರೆ ಇಡಿ. ಫಿಲ್ಲರ್ ಬೋಲ್ಟ್ ಬಿಚ್ಚಲು ಬರುತ್ತದೆ ಎಂದು ಖಚಿತ ಮಾಡಿಕೊಂಡ ಮೇಲೇ ಡ್ರೈನ್ ಬೋಲ್ಟ್ ಬಿಚ್ಚಿ. ಗೇರ್‌ಬಾಕ್ಸ್ ಹಿಂದೆ ಎಳೆಯುವಾಗ ಅದರ ಭಾರ ಇನ್‌ಪುಟ್ ಶಾಫ್ಟಿನ ಮೂಲಕ ಕ್ಲಚ್ ಪ್ಲೇಟಿನ ಹಬ್ಬಿಗೆ ಜೋತುಬೀಳದಂತೆ ನೋಡಿಕೊಳ್ಳಿ, ಪ್ಲೇಟ್ ಬಾಗುತ್ತದೆ.

ಬೆಲ್ ಹೌಸಿಂಗಿನೊಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡಿ.

ಪ್ರೆಶರ್ ಪ್ಲೇಟಿಗೂ ಫ್ಲೈವೀಲಿಗೂ ಸೇರಿಸಿ ಒಂದು ಗುರುತು ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸಿ. ಮುಖ ಸೊಟ್ಟಗಿದೆಯೇ ಎಂಬ ಅಳತೆಯನ್ನು (ಕ್ರಮ ಮುಂದಿದೆ) ಫ್ಲೈವೀಲ್ ಬಿಚ್ಚುವ ಮೊದಲೇ ಮುಗಿಸಿಕೊಳ್ಳಿ. ಫ್ಲೈವೀಲಿಗೂ ಕ್ರ್ಯಾಂಕಿಗೂ ಸೆಂಟರ್ ಪಂಚ್‌ನಿಂದ ಗುರುತು ಮಾಡಿ. ಪೇಂಟ್ ಗುರುತು ಕ್ಲೀನರಿನಲ್ಲಿ ತೊಳೆದುಹೋಗುತ್ತದೆ. ಫ್ಲೈವೀಲ್ ತಿರುಗದಂತೆ ರಿಂಗ್ ಗೇರಿಗೆ ಲಾಕಿಂಗ್ ಟೂಲ್ ಹಾಕಿ. ದೊಡ್ಡ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ಹಲ್ಲು ಇಲ್ಲವೇ ಅಲ್ಯೂಮಿನಿಯಂ ಮುರಿಯುತ್ತದೆ. ಎಲ್ಲ ಬೋಲ್ಟ್ ಸಡಿಲಿಸಿ ಎದುರುಬದುರಿನ ಎರಡನ್ನು ಕೆಲವು ಸುತ್ತು ಉಳಿಸಿಕೊಂಡು ಫ್ಲೈವೀಲನ್ನು ಅಲುಗಿಸಿ, ಬಿಟ್ಟುಕೊಂಡ ಮೇಲೆ ಎರಡೂ ಕೈಯಲ್ಲಿ ಹಿಡಿದು ಅವನ್ನು ತೆಗೆಯಿರಿ. ಚಿಕ್ಕ ಗಾಡಿಯದ್ದು ಆರೇಳು ಕಿಲೋ, ಡ್ಯುಯಲ್ ಮಾಸ್ ಆದರೆ ಅದರ ಎರಡರಷ್ಟು. ಅಂಚು ಹರಿತ, ಕೈಗೆ ಗ್ಲೌಸ್ ಬೇಕು.

ಕೈಗೆ ಬಂದ ಮೇಲೆ ನೋಡುವುದು

ಬ್ರೇಕ್ ಕ್ಲೀನರಿನಲ್ಲಿ ಒರೆಸಿ ಬೆಳಕಿಗೆ ಹಿಡಿಯಿರಿ. ಹೊಳಪು ಬೂದು ಬಣ್ಣ ಆರೋಗ್ಯದ್ದು. ನೀಲಿ ಕಲೆಗಳು ಮಿತಿಮೀರಿ ಬಿಸಿಯಾದ ಜಾಗಗಳು. ಅಲ್ಲಿ ಲೋಹದ ರಚನೆಯೇ ಬದಲಾಗಿ ಗಟ್ಟಿಯಾಗಿರುತ್ತದೆ. ಬಿಸಿಲಿಗೆ ಒಡೆದ ಕೆರೆಯ ತಳದಂತೆ ಕಾಣುವ ಸಣ್ಣ ಸೀಳುಗಳನ್ನು ಉಗುರಿನಿಂದ ಗೀಚಿ ನೋಡಿ. ಉಗುರಿಗೆ ತಾಗದಿದ್ದರೆ ಗ್ರೈಂಡಿಂಗಿನಲ್ಲಿ ಹೋಗುತ್ತವೆ. ಉಗುರು ಸಿಕ್ಕಿಕೊಂಡರೆ, ಅಥವಾ ಸೀಳು ಬೋಲ್ಟ್ ತೂತಿನತ್ತಲೋ ಒಳ ಅಂಚಿಗೋ ಓಡಿದ್ದರೆ ಫ್ಲೈವೀಲ್ ಗುಜರಿಗೆ. ವೆಲ್ಡಿಂಗ್ ಮಾತೇ ಎತ್ತಬೇಡಿ.

ಮುಖ ಸೊಟ್ಟಗಿದೆಯೇ ಎಂದು ತಿಳಿಯಲು ಫ್ಲೈವೀಲ್ ಕ್ರ್ಯಾಂಕಿನ ಮೇಲಿರುವಾಗಲೇ, ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಬೇಕು. ತಿರುಗಿಸುವಾಗ ಫ್ಲೈವೀಲನ್ನು ಒಂದೇ ಬದಿಗೆ ಒತ್ತಿ ಹಿಡಿಯಿರಿ, ಇಲ್ಲವಾದರೆ ಕ್ರ್ಯಾಂಕಿನ ಹಿಂದೆ-ಮುಂದಿನ ಸಡಿಲ (ಎಂಡ್ ಪ್ಲೇ) ಸೇರಿಕೊಂಡು ಸುಳ್ಳು ಅಂಕಿ ಬರುತ್ತದೆ. ಹಲವು ಚಿಕ್ಕ ಕಾರುಗಳಿಗೆ 0.2 ಮಿ.ಮೀ. ಗರಿಷ್ಠ, ಕೆಲವಕ್ಕೆ 0.1. ಮಿತಿ ಮೀರಿದ್ದರೂ ಫ್ಲೈವೀಲನ್ನು ದೂರುವ ಮೊದಲು ಅದನ್ನು ಬಿಚ್ಚಿ ಕ್ರ್ಯಾಂಕಿನ ಮುಖ ನೋಡಿ. ಜಂಗಿನ ಒಂದು ಹೊಪ್ಪಳಿಕೆ ಮಧ್ಯೆ ಸಿಕ್ಕಿದ್ದರೆ ಅಂಚಿನಲ್ಲಿ ಅದು ಎರಡು ಮೂರು ಪಟ್ಟಾಗಿ ತೋರುತ್ತದೆ. ಗೇಜ್ ಹಾಕಿರುವಾಗಲೇ ಎಂಡ್ ಪ್ಲೇ ಕೂಡ ಅಳೆದುಬಿಡಿ. ಸಾಮಾನ್ಯವಾಗಿ 0.1ರಿಂದ 0.3 ಮಿ.ಮೀ. ಇರುತ್ತದೆ. ತೀರಾ ಹೆಚ್ಚಿದ್ದರೆ ಥ್ರಸ್ಟ್ ವಾಷರ್ ಸವೆದಿದೆ, ಅದು ಎಂಜಿನ್ ಕೆಲಸ.

ಮುಖ ಸಮ ಮಾಡಿಸುವುದಿದ್ದರೆ ಲೇತ್‌ಗಿಂತ ಗ್ರೈಂಡಿಂಗ್ ಒಳ್ಳೆಯದು. ಲೇತಿನ ಟೂಲ್ ಗಟ್ಟಿ ಕಲೆಗಳ ಮೇಲೆ ಜಾರಿ ಸುತ್ತಲಿನ ಮೆದು ಲೋಹವನ್ನಷ್ಟೇ ತೆಗೆಯುತ್ತದೆ, ಕಲೆ ಗುಬುಟಾಗಿ ಉಳಿಯುತ್ತದೆ, ವಾರದಲ್ಲಿ ನಡುಕ ವಾಪಸ್. ಕ್ಲಚ್ ಉಜ್ಜುವ ಮುಖ ಮತ್ತು ಪ್ರೆಶರ್ ಪ್ಲೇಟ್ ಕೂರುವ ಅಂಚು ಬೇರೆ ಬೇರೆ ಎತ್ತರದಲ್ಲಿದ್ದರೆ ಎರಡರಿಂದಲೂ ಅಷ್ಟಷ್ಟೇ ತೆಗೆಯಬೇಕು. ಮುಖ ಮಾತ್ರ ಉಜ್ಜಿದರೆ ಪ್ಲೇಟ್ ಒಳಗಿಳಿದು ಹಿಡಿತ ಕಡಿಮೆಯಾಗುತ್ತದೆ. ಕನಿಷ್ಠ ದಪ್ಪ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅದಕ್ಕಿಂತ ಕೆಳಗೆ ಹೋಗಬಾರದು.

ಡ್ಯುಯಲ್ ಮಾಸ್ ಆದರೆ ಗ್ರೈಂಡಿಂಗ್ ಸಾಮಾನ್ಯವಾಗಿ ನಿಷಿದ್ಧ. ಹೊರ ಚಕ್ರವನ್ನು ಹಿಡಿದು ಒಳಗಿನದನ್ನು ಎರಡೂ ಕಡೆ ತಿರುಗಿಸಿ. ಸ್ಪ್ರಿಂಗಿನ ತಡೆ ಸಿಗುವವರೆಗಿನ ಸಡಿಲ ಎಷ್ಟು, ಅಲುಗಾಟ ಎಷ್ಟು ಎನ್ನುವುದಕ್ಕೆ ಪ್ರತಿ ಮಾದರಿಗೂ ತಯಾರಕರ ಮಿತಿ ಇದೆ. ಅಂದಾಜಿನಲ್ಲಿ ‘ಸ್ವಲ್ಪ ಆಡುತ್ತದೆ, ಹೋಗಿದೆ’ ಎನ್ನಬೇಡಿ, ಆಡುವುದೇ ಅದರ ಧರ್ಮ. ಗ್ರೀಸ್ ಹೊರಗೆ ಎರಚಿದ್ದರೆ ಮಾತ್ರ ಅಳತೆ ಬೇಕಿಲ್ಲ, ಬದಲಿಸಿ.

ರಿಂಗ್ ಗೇರ್ ಬದಲಿಸುವುದನ್ನು ಮಷಿನ್ ಶಾಪಿಗೆ ಬಿಡಿ. ಅಲ್ಲಿ ಏನು ಕೇಳಬೇಕೆಂದು ಮಾತ್ರ ತಿಳಿದಿರಲಿ: ಹೊಸ ರಿಂಗನ್ನು ಓವನ್‌ನಲ್ಲಿ ಸಮವಾಗಿ 200ರಿಂದ 230 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಿ ಇಳಿಬಿಡಬೇಕು, ಹಲ್ಲಿನ ಓರೆ ಅಂಚು ಸೆಲ್ಫ್ ಬರುವ ಕಡೆಗಿರಬೇಕು. ಗ್ಯಾಸ್ ಟಾರ್ಚಿನಲ್ಲಿ ಒಂದೇ ಕಡೆ ಕಾಯಿಸಿ ಹಲ್ಲು ನೀಲಿಯಾಗಿದ್ದರೆ ಅದರ ಗಡಸುತನ ಹೋಗಿದೆ, ಒಪ್ಪಿಕೊಳ್ಳಬೇಡಿ.

ಈ ಹೊತ್ತಿನಲ್ಲೇ ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್‌ಬಾಕ್ಸಿನ ಇನ್‌ಪುಟ್ ಸೀಲ್, ರಿಲೀಸ್ ಬೇರಿಂಗ್, ಇದ್ದರೆ ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗ್ ಬದಲಿಸಿ. ಫ್ಲೈವೀಲಿನ ಬೆಲೆಯ ಮುಂದೆ ಇವು ಚಿಲ್ಲರೆ. ಸೀಲಿನ ತುಟಿ ಕೂರುವಲ್ಲಿ ಕ್ರ್ಯಾಂಕಿನ ಮೇಲೆ ತೋಡು ಬಿದ್ದಿದ್ದರೆ ಹೊಸ ಸೀಲನ್ನು, ಪುಸ್ತಕ ಒಪ್ಪಿದರೆ, ಒಂದೆರಡು ಮಿ.ಮೀ. ಆಚೀಚೆ ಕೂರಿಸಬಹುದು.

ಮರಳಿ ಕೂರಿಸುವುದು

ಗ್ರೈಂಡ್ ಮಾಡಿಸಿ ತಂದ ಫ್ಲೈವೀಲನ್ನು ಕರಾವಳಿಯಲ್ಲಿ ಒಂದು ರಾತ್ರಿ ಬರಿದೇ ಇಟ್ಟರೆ ಬೆಳಿಗ್ಗೆ ಕಿತ್ತಳೆ ಬಣ್ಣ. ಬೆವರಿನ ಕೈ ಮುಟ್ಟಿದಲ್ಲಿ ಬೆರಳಚ್ಚಿನ ಆಕಾರದಲ್ಲೇ ಜಂಗು ಏಳುತ್ತದೆ. ತೆಳುವಾಗಿ ಎಣ್ಣೆ ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಕೂರಿಸುವ ಮೊದಲು ಆ ಎಣ್ಣೆಯನ್ನು ಬ್ರೇಕ್ ಕ್ಲೀನರಿನಲ್ಲಿ ಪೂರ್ತಿ ತೆಗೆಯಿರಿ. ಹೊಸ ಫ್ಲೈವೀಲಿಗೂ ಕಾರ್ಖಾನೆಯಿಂದಲೇ ಎಣ್ಣೆ ಹಚ್ಚಿರುತ್ತಾರೆ.

ಬೋಲ್ಟಿನ ವಿಷಯದಲ್ಲಿ ಜಿಪುಣತನ ಬೇಡ. ಡಿಗ್ರಿ ಲೆಕ್ಕದಲ್ಲಿ ಬಿಗಿಸುವ ಬೋಲ್ಟುಗಳು ಒಮ್ಮೆ ಎಳೆದುಕೊಂಡರೆ ಮುಗಿಯಿತು, ಹೊಸವೇ ಬೇಕು. ಹಲವು ಫೋಕ್ಸ್‌ವ್ಯಾಗನ್ ಎಂಜಿನ್ನುಗಳಿಗೆ 60 ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ. ಚಿಕ್ಕ ಪೆಟ್ರೋಲ್ ಗಾಡಿಗಳು ಸಾಮಾನ್ಯವಾಗಿ 60ರಿಂದ 80ರ ನಡುವೆ. ನಿಮ್ಮ ಮಾದರಿಯ ಪುಸ್ತಕದ ಅಂಕಿಯೇ ಅಂತಿಮ. ಹಳೇ ಪುಸ್ತಕ ಕೆಜಿ-ಮೀಟರ್‌ನಲ್ಲಿ ಹೇಳಿದ್ದರೆ 9.8ರಿಂದ ಗುಣಿಸಿ. ಕೆಲವು ಎಂಜಿನ್ನುಗಳಲ್ಲಿ ಬೋಲ್ಟ್ ತೂತು ಕ್ರ್ಯಾಂಕ್ ಕೇಸಿನೊಳಗೆ ತೆರೆದುಕೊಳ್ಳುತ್ತದೆ. ಅಲ್ಲಿ ಎಳೆಗೆ ಸೀಲಂಟ್ ಹಚ್ಚದಿದ್ದರೆ ಎಣ್ಣೆ ಎಳೆಯ ಜಾಡಿನಲ್ಲೇ ಬಂದು ಕ್ಲಚ್ ನೆನೆಸುತ್ತದೆ, ದೂರು ಮಾತ್ರ ಹೊಸ ಸೀಲಿನ ತಲೆಗೆ.

ಗುರುತು ಹೊಂದಿಸಿ, ಎಲ್ಲ ಬೋಲ್ಟ್ ಕೈಯಲ್ಲೇ ಕೊನೆವರೆಗೆ ತಿರುಗಿಸಿ, ಆಮೇಲೆ ಎದುರುಬದುರಾಗಿ ಮೂರು ಹಂತದಲ್ಲಿ ಬಿಗಿಸಿ. ಮತ್ತೊಮ್ಮೆ ಡಯಲ್ ಗೇಜ್. ಕ್ಲಚ್ ಪ್ಲೇಟಿನ ಯಾವ ಬದಿ ಫ್ಲೈವೀಲಿಗೆ ಎಂದು ಅದರ ಮೇಲೇ ಬರೆದಿರುತ್ತದೆ. ಅಲೈನ್‌ಮೆಂಟ್ ಟೂಲ್ ಹಾಕಿ ಕೂರಿಸಿ, ಪ್ರೆಶರ್ ಪ್ಲೇಟನ್ನು ಅರ್ಧರ್ಧ ಸುತ್ತಿನಲ್ಲಿ ಬಿಗಿಸಿ. ಬಹುತೇಕ ಚಿಕ್ಕ ಗಾಡಿಗಳಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು. ಇನ್‌ಪುಟ್ ಶಾಫ್ಟಿನ ಉದ್ದನೆಯ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಸವರಿದಷ್ಟೇ, ಹೆಚ್ಚಾದದ್ದು ಪ್ಲೇಟಿಗೆ ಹಾರುತ್ತದೆ. ಗೇರ್‌ಬಾಕ್ಸ್ ಕೈಯೊತ್ತಡಕ್ಕೆ ಪೂರ್ತಿ ಕೂರಬೇಕು. ಬೆರಳು ತೂರುವಷ್ಟು ಸಂದು ಉಳಿದಿರುವಾಗ ಬೋಲ್ಟಿನಿಂದ ಎಳೆದುಕೊಂಡರೆ ಗೇರ್‌ಬಾಕ್ಸಿನಲ್ಲಿ ಬೋಲ್ಟ್ ಹಾಯುವ ಕಿವಿ ಮುರಿಯುತ್ತದೆ.

ಜೋಡಿಸಿದ ಮೇಲೆ ಹೊಸ ತೊಂದರೆ

ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ ಎಂದರೆ ಕ್ರ್ಯಾಂಕ್ ಸೆನ್ಸರ್ ಕನೆಕ್ಟರ್ ಮೊದಲು ನೋಡಿ. ಅದು ಸರಿಯಿದ್ದು ಸೆನ್ಸರ್ ಓದುವ ಹಲ್ಲು ಫ್ಲೈವೀಲಿನಲ್ಲೇ ಇರುವ ಎಂಜಿನ್ನಾದರೆ, ಫ್ಲೈವೀಲ್ ಒಂದು ತೂತು ಆಚೆ ಕೂತಿರಬಹುದು. ಬೋಲ್ಟ್ ತೂತುಗಳು ಸಮಾನ ಅಂತರದಲ್ಲಿರುವ ಮಾದರಿಗಳಲ್ಲಿ ಹಾಗೆ ಆಗುತ್ತದೆ, ಪಂಚ್ ಗುರುತು ಬೇಕಾದದ್ದು ಇದಕ್ಕೇ. ಸೆಲ್ಫ್ ಕರ್ರ್ ಎಂದರೆ ಮೋಟರ್ ಓರೆಯಾಗಿ ಕೂತಿದೆ, ಇಲ್ಲವೇ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ತಗಡು ಮಡಚಿಕೊಂಡಿದೆ. ಕ್ಲಚ್ ಬಿಡುತ್ತಿಲ್ಲ ಎಂದರೆ ಹೈಡ್ರಾಲಿಕ್‌ನಲ್ಲಿ ಗಾಳಿ, ಅಥವಾ ಪ್ಲೇಟ್ ತಿರುವುಮುರುವು. ಹೊರಗಿನಿಂದ ಗಾಳಿ ಹೊರಹಾಕಿ (ಬ್ಲೀಡ್) ಆಗದಿದ್ದರೆ ಮಾತ್ರ ಮತ್ತೆ ಇಳಿಸುವ ಮಾತು.

ಮೊದಲ 500 ಕಿಲೋಮೀಟರ್ ಊರೊಳಗೆ, ಹಗುರ ಭಾರದಲ್ಲಿ ಓಡಿಸಿ. ಹೊಸ ಪ್ಲೇಟೂ ಹೊಸ ಮುಖವೂ ಒಂದಕ್ಕೊಂದು ಕೂರಬೇಕು. ಆರಂಭದ ಸಣ್ಣ ವಾಸನೆ ಸಹಜ. ಬೆಲ್ ಹೌಸಿಂಗಿನ ತಳದ ತೂತಿನಲ್ಲಿ ಎಣ್ಣೆಯ ಹನಿ ಕಂಡರೆ ಅದು ಸಹಜವಲ್ಲ. ಹೊಸ ಪ್ಲೇಟ್ ನೆನೆಯುವ ಮೊದಲೇ, ಗಾಡಿಯನ್ನು ಘಟ್ಟ ಹತ್ತಿಸದೆ, ಕೆಲಸ ಮಾಡಿದವರ ಹತ್ತಿರ ಒಯ್ಯಿರಿ.